ಏಳುಕೋಟಿಯ ಊರಿನಿಂದ ಆಟಿಸಂ ಚರಿತ್ರೆ

ಪುಣೆಯಿಂದ ಮೀರಜ್ ದಾರಿಯಾಗಿ ಬೆಳಗಾವಿ, ಹುಬ್ಬಳ್ಳಿ ಕಡೆ ರೈಲಿನಲ್ಲಿ ಓಡಾಡುವ ನಮಗೆಲ್ಲ ಜೇಜುರಿ ಗೊತ್ತಿರುವ ನಿಲ್ದಾಣ. ಪುಣೆಯಿಂದ ಸುಮಾರು 50 ಕಿಲೋಮೀಟರು, ಪುರಂದರ ತಾಲೂಕು. ಗುಡ್ಡದ ಮೇಲೆ ಖಂಡೋಬಾನ ಗುಡಿ, ಮೆಟ್ಟಿಲುಗಳ ಮೇಲೆಲ್ಲ ಭಂಡಾರದ ಹಳದಿ. ಮರಾಠಿಯವರ ಖಂಡೋಬಾ ನಮ್ಮ ಕಡೆ ಮೈಲಾರಲಿಂಗ, ಮಲ್ಲಯ್ಯ. ಹೂವಿನಹಡಗಲಿ ತಾಲೂಕಿನ ಮೈಲಾರ, ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ, ಬೀದರ ಜಿಲ್ಲೆಯ ಮೈಲಾರ ಎಲ್ಲವೂ ಇದೇ ದೇವರ ನೆಲೆಗಳು. ಮರಾಠಿಯ ರಾ. ಚಿಂ. ಢೇರೆ, ಜರ್ಮನಿಯಿಂದ ಬಂದು ಪುಣೆಯಲ್ಲಿ ಬಹಳ ಕಾಲ ಇದ್ದ ಗುಂಥರ್ ಸೊಂಥೈಮರ್ ಇಬ್ಬರೂ ಈ ದೇವರ ಬೆನ್ನು ಹತ್ತಿ ಎರಡೂ ನಾಡುಗಳನ್ನು ಸುತ್ತಿದವರು. ಜೇಜುರಿಯಲ್ಲಿ ಮೊಳಗುವ ‘ಯೇಳ್ಕೋಟ್ ಯೇಳ್ಕೋಟ್ ಜಯ ಮಲ್ಹಾರ್’ ಎಂಬ ಘೋಷದ ಮೊದಲ ಪದ ನಮ್ಮ ‘ಏಳು ಕೋಟಿ’ಯೇ. ಕನ್ನಡದ ಒಂದು ಅಕ್ಷರ ಬಾರದ ಲಕ್ಷಾಂತರ ಜನ ಅದನ್ನು ಕೂಗುತ್ತಾರೆ. ಪದದ ಅರ್ಥ ಗೊತ್ತಿಲ್ಲದಿದ್ದರೂ ಏತಕ್ಕೆ ಕೂಗುತ್ತಿದ್ದೇವೆ ಎಂಬುದು ಅವರಿಗೆ ಗೊತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನನ್ನ ವೃತ್ತಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವುದು. ನಾನು ವೈದ್ಯನಲ್ಲ. ಆದರೆ ನಮ್ಮ ಬಳಗದಲ್ಲಿ, ನಮ್ಮ ಸೊಸೈಟಿಗಳಲ್ಲಿ, ‘ಮಗು ಇನ್ನೂ ಮಾತಾಡ್ತಿಲ್ಲ’ ಎಂದು ತಗ್ಗಿದ ದನಿಯಲ್ಲಿ ಹೇಳುವ ತಂದೆತಾಯಂದಿರನ್ನು ನೋಡುತ್ತ ಬಂದಿದ್ದೇನೆ. ಅವರಿಗೆ ಸಿಗುವ ಸಲಹೆಗಳಲ್ಲಿ ಒಂದು ಮತ್ತೆ ಮತ್ತೆ ಕೇಳಿಬರುತ್ತದೆ: ಮನೆಯಲ್ಲಿ ಕನ್ನಡ ನಿಲ್ಲಿಸಿ, ಮಗುವಿನ ಜೊತೆ ಇಂಗ್ಲಿಷ್ ಒಂದನ್ನೇ ಆಡಿ. ಈ ಸಲಹೆ ಎಲ್ಲಿಂದ ಬಂತು, ಅದಕ್ಕೆ ಆಧಾರ ಇದೆಯೇ ಎಂದು ಹುಡುಕುತ್ತ ಹೋದಾಗ ಆಟಿಸಂನ ಚರಿತ್ರೆಯನ್ನೇ ಓದಬೇಕಾಯಿತು. ಆ ಓದಿನ ಫಲ ಈ ಬರಹ.

ಹೆಸರಿಗೆ ಮುಂಚೆ

ಆಟಿಸಂ ಎಂಬ ಹೆಸರು ಬರುವ ಮುಂಚೆಯೂ ಅಂಥ ಮಕ್ಕಳು ಇದ್ದರು. ಎರಡು ಮೂರು ವರ್ಷವಾದರೂ ಮಾತಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಬೆರಳು ತೋರಿಸಿ ಕೇಳುವುದಿಲ್ಲ, ಒಂದೇ ಆಟ, ಒಂದೇ ಸಾಲು, ಒಂದೇ ದಾರಿ. ಊರಲ್ಲಿ ಇದಕ್ಕೆ ಮೂರು ವಿವರಣೆಗಳಿದ್ದವು. ಮೊದಲನೆಯದು, ‘ಅವರಪ್ಪನಿಗೂ ಮಾತು ತಡವಾಗಿಯೇ ಬಂತು’. ಎರಡನೆಯದು ಕಿವುಡು ಅಥವಾ ಮೊದ್ದು. ಮೂರನೆಯದು ದೇವರು. ಮಗು ಮಾತಾಡಿದರೆ ಗಂಟೆ ಕಟ್ಟುತ್ತೇವೆ, ಭಂಡಾರ ಹಾರಿಸುತ್ತೇವೆ ಎಂಬ ಹರಕೆ.

ಮಗುವನ್ನು ದೇವರಿಗೆ ಒಪ್ಪಿಸುವ ಪದ್ಧತಿ ಜೇಜುರಿಗೆ ಹೊಸದಲ್ಲ. ಹರಕೆ ಹೊತ್ತು ಬಿಟ್ಟ ಗಂಡುಮಕ್ಕಳು ವಾಘ್ಯಾಗಳು, ಹೆಣ್ಣುಮಕ್ಕಳು ಮುರಳಿಗಳು. ನಮ್ಮ ಕಡೆ ಕರಿಕಂಬಳಿ ಹೊದ್ದು, ಡಮರುಗ ಹಿಡಿದು, ನಾಯಿಯಂತೆ ಬೊಗಳುವ ಗೊರವರಿದ್ದಾರೆ. ವಾಘ್ಯಾಗಳೂ ದೇವರ ನಾಯಿಗಳೇ. ವಿಚಿತ್ರ ಎನಿಸುವ ನಡವಳಿಕೆಗೂ ಒಂದು ವೇಷ, ಒಂದು ಹೆಸರು, ಒಂದು ತುತ್ತು ಅನ್ನ ಕೊಟ್ಟ ವ್ಯವಸ್ಥೆ ಇದು. ಹಾಗೆಂದು ಹಿಂದಿನ ಕಾಲವನ್ನು ಹೊಗಳಲು ಕೂರುವುದು ಸರಿಯಲ್ಲ. ಮುರಳಿಯರ ಬದುಕು ಏನಾಗುತ್ತಿತ್ತು ಎಂಬುದನ್ನು ಕಂಡೇ 1934ರಲ್ಲಿ ಮುಂಬೈ ಪ್ರಾಂತದಲ್ಲಿ ದೇವದಾಸಿ ರಕ್ಷಣಾ ಕಾಯಿದೆ ಬಂತು. ಹರಕೆ ಮನೆಯವರ ಮನಸ್ಸಿಗೆ ಬಲ ಕೊಡುತ್ತಿತ್ತು, ನಿಜ. ಆದರೆ ಮಗು ಏನು ಕೇಳುತ್ತಿದೆ, ಏಕೆ ಕಿರುಚುತ್ತಿದೆ ಎಂಬುದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ. ಜೇಜುರಿಯ ನೂಕುನುಗ್ಗಲು, ಡೋಲಿನ ಸದ್ದು, ಗಾಳಿಯಲ್ಲಿ ತುಂಬಿದ ಅರಿಸಿನ ಇವುಗಳ ನಡುವೆ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಹೊರಳಾಡುವ ಮಗುವನ್ನು ‘ಮೈಮೇಲೆ ಬಂದಿದೆ’ ಎನ್ನಬಹುದು, ‘ಹಟಮಾರಿ’ ಎನ್ನಬಹುದು. ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಸ್ಪಂದಿಸುವುದು ಆಟಿಸಂನ ಒಂದು ಲಕ್ಷಣ ಎಂದು ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ ತನ್ನ ಮಾನದಂಡಗಳಲ್ಲಿ ಸೇರಿಸಿದ್ದು 2013ರಲ್ಲಿ. ದೊಡ್ಡ ಆಸ್ಪತ್ರೆಗಳಿಗೂ ಇದು ತಡವಾಗಿ ತಿಳಿದ ಸಂಗತಿ.

ಹೆಸರು ಬಂದ ಬಗೆ

‘ಆಟಿಸಂ’ ಪದವನ್ನು ಹುಟ್ಟುಹಾಕಿದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್, 1911ರ ಹೊತ್ತಿಗೆ. ಗ್ರೀಕ್ ಭಾಷೆಯಲ್ಲಿ ‘ತಾನು’ ಎಂಬರ್ಥದ ಪದದಿಂದ ಬಂದದ್ದು. ಅವನು ಅದನ್ನು ಬಳಸಿದ್ದು ಮಕ್ಕಳಿಗಲ್ಲ, ಸ್ಕಿಜೋಫ್ರೇನಿಯಾ ಇದ್ದ ದೊಡ್ಡವರು ತಮ್ಮೊಳಗೇ ಮುಳುಗಿಹೋಗುವ ಸ್ಥಿತಿಗೆ. 1925ರಲ್ಲಿ ಮಾಸ್ಕೋದ ಮನೋವೈದ್ಯೆ ಗ್ರುನ್ಯಾ ಸುಖರೇವಾ ಕೆಲವು ಮಕ್ಕಳ ವಿವರಗಳನ್ನು ಪ್ರಕಟಿಸಿದಳು. ಇಂದಿನ ಕಣ್ಣಿನಲ್ಲಿ ಅದು ಆಟಿಸಂನ ಬಹಳ ಸ್ಪಷ್ಟ ಚಿತ್ರ. ಆದರೆ ಹತ್ತಾರು ವರ್ಷ ಅದನ್ನು ಯಾರೂ ಎತ್ತಿ ಆಡಲಿಲ್ಲ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಲೇಖನ ಬರೆದ. ಮರುವರ್ಷ ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರ್ ತನ್ನ ಅಧ್ಯಯನ ಪ್ರಕಟಿಸಿದ. ಆಸ್ಪರ್ಗರ್ ನಾತ್ಸಿ ವ್ಯವಸ್ಥೆಯ ಜೊತೆ ಎಷ್ಟು ಕೈಜೋಡಿಸಿದ್ದ ಎಂಬುದನ್ನು 2018ರಲ್ಲಿ ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರರು ದಾಖಲೆ ಸಹಿತ ತೋರಿಸಿದ ಮೇಲೆ ಆ ಹೆಸರನ್ನು ಬಳಸುವುದಕ್ಕೆ ಹಲವರು ಹಿಂಜರಿಯುತ್ತಾರೆ.

ಕ್ಯಾನರನ ಪಟ್ಟಿಯ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ಮಗುವನ್ನು ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಬಿಟ್ಟಿದ್ದ ತಂದೆತಾಯಿ ಅವನನ್ನು ವಾಪಸು ಕರೆತಂದು, 1938ರಲ್ಲಿ ಕ್ಯಾನರನಿಗೆ ತೋರಿಸಿದರು. ಅದಕ್ಕೆ ಮುಂಚೆ ವಕೀಲನಾಗಿದ್ದ ತಂದೆ 33 ಪುಟಗಳ ಪತ್ರ ಬರೆದಿದ್ದ: ಮಗು ಏನು ತಿನ್ನುತ್ತದೆ, ಯಾವ ಪದ ಹೇಳುತ್ತದೆ, ಯಾವುದಕ್ಕೆ ಅಳುತ್ತದೆ, ಏನನ್ನು ತಿರುಗಿಸುತ್ತ ಕೂರುತ್ತದೆ. ಆಟಿಸಂ ಎಂಬ ನಿದಾನದ ಬುನಾದಿಯಲ್ಲಿ ಒಬ್ಬ ತಂದೆಯ ಟಿಪ್ಪಣಿಗಳಿವೆ ಎಂಬುದನ್ನು ಮರೆಯಬಾರದು. ಡೊನಾಲ್ಡ್ ಮುಂದೆ ಕಾಲೇಜು ಮುಗಿಸಿದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ದೇಶ ಸುತ್ತಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಊರಿನವರು ಅವನನ್ನು ತಮ್ಮವನೆಂದು ನೋಡಿಕೊಂಡದ್ದು ಯಾವ ಚಿಕಿತ್ಸೆಗೂ ಕಡಿಮೆಯಾಗಿರಲಿಲ್ಲ.

ನಮ್ಮ ಭಾಷೆಗಳಿಗೆ ಬಂದಾಗ ಕನ್ನಡದಲ್ಲಿ ‘ಸ್ವಲೀನತೆ’ ಆಯಿತು, ಮರಾಠಿಯಲ್ಲಿ ‘ಸ್ವಮಗ್ನತಾ’. ಎರಡೂ ಬ್ಲಾಯ್ಲರನ ಗ್ರೀಕ್ ಪದದ ನೇರ ಅನುವಾದ. ಮಗು ತನ್ನೊಳಗೇ ಮುಳುಗಿದೆ ಎಂಬ ಊಹೆಯನ್ನು ಪದವೇ ಹೊತ್ತುಕೊಂಡಿದೆ. ಆದರೆ ಆಟಿಸಂ ಇದ್ದೇ ಬೆಳೆದು ದೊಡ್ಡವರಾಗಿ ಬರೆದವರ ಮಾತು ಬೇರೆ. ಜಗತ್ತು ತಮ್ಮನ್ನು ಮುಟ್ಟುವುದಿಲ್ಲ ಎಂದಲ್ಲ, ಅತಿಯಾಗಿ ಮುಟ್ಟುತ್ತದೆ ಎಂದು ಅವರಲ್ಲಿ ಅನೇಕರು ಹೇಳಿದ್ದಾರೆ. ಆದ್ದರಿಂದ ಈ ಬರಹದಲ್ಲಿ ಜನರ ಬಾಯಲ್ಲಿರುವ ‘ಆಟಿಸಂ’ ಪದವನ್ನೇ ಇಟ್ಟುಕೊಂಡಿದ್ದೇನೆ.

ತಾಯಿಯ ಮೇಲೆ ಬಿದ್ದ ಆರೋಪ

ಹೆಸರು ಬಂದ ಮೇಲೆ ಕಾರಣ ಬೇಕಾಯಿತು. ಐವತ್ತು, ಅರವತ್ತರ ದಶಕದಲ್ಲಿ ಅಮೆರಿಕದ ಮನೋವೈದ್ಯರು ಕಂಡುಕೊಂಡ ಕಾರಣ ತಾಯಿ. ಪ್ರೀತಿಯಿಲ್ಲದ, ಫ್ರಿಜ್ಜಿನಂತೆ ತಣ್ಣಗಿರುವ ತಾಯಿಯಿಂದ ಮಗು ಹೀಗಾಗುತ್ತದೆ ಎಂದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಇದನ್ನೇ ದೊಡ್ಡ ಪುಸ್ತಕ ಮಾಡಿದ. ಅದಕ್ಕೂ ಮೂರು ವರ್ಷ ಮುಂಚೆ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ, ಸ್ವತಃ ಆಟಿಸಂ ಇದ್ದ ಮಗುವಿನ ತಂದೆ, ಈ ವಾದವನ್ನು ಎಳೆಎಳೆಯಾಗಿ ಬಿಡಿಸಿ, ಇದು ಮೆದುಳಿನ ಬೆಳವಣಿಗೆಯ ವಿಷಯ ಎಂದು ಬರೆದಿದ್ದ. 1977ರಲ್ಲಿ ಲಂಡನ್ನಿನ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಅಲ್ಲಿಂದ ಗಟ್ಟಿಯಾಗುತ್ತ ಬಂತು.

ಈ ಆರೋಪ ಅಮೆರಿಕದಲ್ಲಿ ಸತ್ತರೂ ನಮ್ಮಲ್ಲಿ ಬೇರೆ ವೇಷದಲ್ಲಿ ಬದುಕಿದೆ. ‘ಅವಳು ಕೆಲಸಕ್ಕೆ ಹೋಗ್ತಾಳೆ, ಮಗುವನ್ನ ಆಯಾ ಕೈಗೆ ಬಿಟ್ಟಳು’, ‘ಮೊಬೈಲು ಕೊಟ್ಟು ಹಾಳು ಮಾಡಿದರು’, ‘ಊರಲ್ಲಿ ಅಜ್ಜಿ ಹತ್ತಿರ ಬೆಳೆದಿದ್ದರೆ ಹೀಗಾಗ್ತಿರಲಿಲ್ಲ’. ವಲಸೆ ಬಂದ ಕುಟುಂಬದ ತಾಯಿಗೆ ಈ ಮಾತು ಎರಡು ಪಟ್ಟು ಚುಚ್ಚುತ್ತದೆ, ಏಕೆಂದರೆ ಊರು ಬಿಟ್ಟು ಬಂದದ್ದೇ ಅವಳ ತಪ್ಪೆಂದು ಅದು ಹೇಳುತ್ತದೆ. ಮಗುವಿನೊಡನೆ ಮಾತು ಕಡಿಮೆಯಾದರೆ ಮಾತು ಕಲಿಯುವುದು ತಡವಾಗಬಹುದು, ಅದು ಬೇರೆ. ಆದರೆ ಆಟಿಸಂ ತಾಯಿ ಕೆಲಸಕ್ಕೆ ಹೋಗಿದ್ದರಿಂದ ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ. 12 ಮಕ್ಕಳನ್ನು ಮುಂದಿಟ್ಟುಕೊಂಡು 1998ರಲ್ಲಿ ಆ ಗಾಳಿಸುದ್ದಿ ಹಬ್ಬಿಸಿದ ಆಂಡ್ರ್ಯೂ ವೇಕ್‌ಫೀಲ್ಡನ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು.

ಡಾರ್ಜಿಲಿಂಗ್, ಬೆಂಗಳೂರು, ಮೈಸೂರು

ಭಾರತದ ಚರಿತ್ರೆ ಡಾರ್ಜಿಲಿಂಗ್‌ನಿಂದ ಶುರುವಾಗುತ್ತದೆ. ಅಲ್ಲಿದ್ದ ವಿಯೆನ್ನಾ ಮೂಲದ ಮಕ್ಕಳ ವೈದ್ಯ ಎ. ರೊನಾಲ್ಡ್ 1944ರಲ್ಲಿ, ಎಲ್ಲರಂತಲ್ಲದ ಮಕ್ಕಳನ್ನು ಗುರುತಿಸುವುದು, ನೋಡಿಕೊಳ್ಳುವುದು ಹೇಗೆಂದು ಬರೆದ. ಐವತ್ತರ ದಶಕದ ಕೊನೆಯಿಂದ ‘ಆಟಿಸಂ’ ಪದ ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡಿತು. ಆದರೆ ಓಪಿಡಿಯ ಸಾಲಿನಲ್ಲಿ ನಿಂತ ತಂದೆತಾಯಿಗೆ ಅದು ತಲುಪಲಿಲ್ಲ. ಅವರಿಗೆ ಸಿಗುತ್ತಿದ್ದ ಚೀಟಿಯ ಮೇಲೆ ಬುದ್ಧಿಮಾಂದ್ಯ ಎಂದಿರುತ್ತಿತ್ತು.

ಕರ್ನಾಟಕದ ಎರಡು ಸಂಸ್ಥೆಗಳು ಇಲ್ಲಿ ಮುಖ್ಯ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಅದು ಪಕ್ಕದ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. 1965ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಮಾತು ಮತ್ತು ಕಿವಿಯ ವಿಷಯದಲ್ಲಿ ದೇಶಕ್ಕೆ ಬೇಕಾದ ತಜ್ಞರನ್ನು ತಯಾರು ಮಾಡಿದ ಮನೆ ಅದು. ಇಂದು ಪುಣೆಯಲ್ಲಿ, ಮುಂಬೈಯಲ್ಲಿ, ದುಬೈಯಲ್ಲಿ ಭೇಟಿಯಾಗುವ ಸ್ಪೀಚ್ ಥೆರಪಿಸ್ಟ್ ಮೈಸೂರಿನಲ್ಲಿ ಓದಿದವರಾಗಿದ್ದರೆ ಆಶ್ಚರ್ಯವಿಲ್ಲ.

ಈ ಸಂಸ್ಥೆಗಳ ಸುತ್ತ ಕನ್ನಡಕ್ಕಾಗಿಯೇ ಒಂದು ಕೆಲಸ ನಡೆಯಿತು. ಪ್ರತಿಭಾ ಕಾರಂತ ಅವರು ಎಂಬತ್ತರ ದಶಕದಲ್ಲಿ ಕನ್ನಡದ ಭಾಷಾ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಯನ್ನು ಕಟ್ಟಿದರು. ಇಂಗ್ಲಿಷ್ ಪರೀಕ್ಷೆಯನ್ನು ಸುಮ್ಮನೆ ಅನುವಾದಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ‘ಹುಡುಗ ಬಂದ, ಹುಡುಗಿ ಬಂದಳು, ನಾಯಿ ಬಂತು’ ಎನ್ನುವಾಗ ನಮ್ಮಲ್ಲಿ ಕ್ರಿಯಾಪದವೇ ಲಿಂಗ, ವಚನ, ಪುರುಷಗಳನ್ನು ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಮಗು ಎಡವುವ ಜಾಗ ಬೇರೆ, ಕನ್ನಡದಲ್ಲಿ ಎಡವುವ ಜಾಗ ಬೇರೆ. ಒಂದು ಭಾಷೆಗೆ ಬರೆದ ಟೆಸ್ಟ್ ಕೇಸನ್ನು ಇನ್ನೊಂದರ ಮೇಲೆ ಓಡಿಸಿದರೆ ಏನಾಗುತ್ತದೆ ಎಂಬುದು ನಮ್ಮ ವೃತ್ತಿಯವರಿಗೆ ಹೇಳಬೇಕಿಲ್ಲ. 2000ದಲ್ಲಿ ಅವರು ಬೆಂಗಳೂರಿನಲ್ಲಿ ‘ಕಮ್ಯುನಿಕೇಶನ್ ಡೀಲ್’ ಎಂಬ ಕಾರ್ಯಕ್ರಮ ಶುರುಮಾಡಿದರು. ಶಾಲೆಗೆ ಸೇರುವ ಮುಂಚಿನ ವಯಸ್ಸಿನಲ್ಲೇ ಮಾತು, ಚಲನೆ, ಒಡನಾಟ ಎಲ್ಲವನ್ನೂ ಒಟ್ಟಿಗೆ ಕಲಿಸಿ ಸಾಮಾನ್ಯ ಶಾಲೆಗೆ ಅಣಿಗೊಳಿಸುವುದು ಅದರ ಗುರಿ.

ಇದೇ ಕಾಲದ ಇನ್ನೊಂದು ಹೆಸರು ಟೀಟೋ ರಾಜರ್ಷಿ ಮುಖೋಪಾಧ್ಯಾಯ. 1989ರಲ್ಲಿ ಹುಟ್ಟಿದ, ಮೈಸೂರು ಬೆಂಗಳೂರುಗಳಲ್ಲಿ ಬೆಳೆದ ಬಂಗಾಳಿ ಹುಡುಗ. ನಾವು ಪುಣೆಯಲ್ಲಿ ಹೇಗೋ ಹಾಗೆ ಅವರದು ಕರ್ನಾಟಕಕ್ಕೆ ವಲಸೆ ಬಂದ ಕುಟುಂಬ. ಮಾತು ಹೆಚ್ಚಾಗಿ ಬಾರದ ಅವನಿಗೆ ತಾಯಿ ಸೋಮಾ ಅಕ್ಷರದ ಹಲಗೆ ತೋರಿಸಿ, ಪೆನ್ಸಿಲು ಹಿಡಿಸಿ ಕಲಿಸಿದರು. 2000ದಲ್ಲಿ ಅವನ ಪುಸ್ತಕ ಬ್ರಿಟನ್ನಿನಲ್ಲಿ ಹೊರಬಂತು, ಬಿಬಿಸಿ ಸಾಕ್ಷ್ಯಚಿತ್ರ ಮಾಡಿತು, ಮರುವರ್ಷ ತಾಯಿಮಗ ಅಮೆರಿಕಕ್ಕೆ ಹೋದರು. ತಾಯಿಯ ವಿಧಾನವನ್ನು ಬೇರೆ ಮಕ್ಕಳಿಗೂ ಬಳಸುವ ಬಗ್ಗೆ ವಾದ ಇನ್ನೂ ನಿಂತಿಲ್ಲ. ಬರೆಯುತ್ತಿರುವುದು ಮಗುವೋ ಪಕ್ಕದಲ್ಲಿ ಕೂತವರೋ ಎಂಬ ಪ್ರಶ್ನೆಗೆ ಪುರಾವೆ ಸಾಲದು ಎಂದು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಅದನ್ನು ಬಳಸಬೇಡಿ ಎಂದಿತು. ವಾದ ಏನೇ ಇರಲಿ, ಮಾತಾಡದ ಮಗುವಿನೊಳಗೆ ಮಾತು ಇಲ್ಲ ಎಂದು ತೀರ್ಮಾನಿಸುವ ಮುಂಚೆ ನಿಲ್ಲಬೇಕು ಎಂಬ ಎಚ್ಚರವನ್ನು ಟೀಟೋನ ಕತೆ ಕೊಟ್ಟಿತು.

ತಂದೆತಾಯಿ ಕಟ್ಟಿದ ಶಾಲೆಗಳು, ಕಾನೂನಿನ ಪಟ್ಟಿ

ಸೇವೆಗಳು ಮೇಲಿನಿಂದ ಇಳಿದು ಬರಲಿಲ್ಲ. ದಿಲ್ಲಿಯಲ್ಲಿ ಮೇರಿ ಬರುವಾ ಎಂಬ ತಾಯಿ 1991ರಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಶುರುಮಾಡಿದರು, 1994ರಲ್ಲಿ ‘ಓಪನ್ ಡೋರ್’ ಶಾಲೆ ತೆರೆದರು. ಬೆಂಗಳೂರಿನಲ್ಲಿ 1995ರಲ್ಲಿ ‘ಆಶಾ’ ಬಂತು. ಮುಂಬೈಯಲ್ಲಿ 2001ರಲ್ಲಿ ಡಾ. ವಿಭಾ ಕೃಷ್ಣಮೂರ್ತಿ ‘ಉಮೀದ್’ ಕೇಂದ್ರ ತೆರೆದರು. ಪುಣೆಯಲ್ಲಿ ಕೆ.ಇ.ಎಂ. ಆಸ್ಪತ್ರೆಯ ಮಕ್ಕಳ ಬೆಳವಣಿಗೆ ಕೇಂದ್ರ, ಪ್ರಸನ್ನ ಆಟಿಸಂ ಸೆಂಟರ್ ಮುಂತಾದವು ಬೆಳೆದವು.

ಕಾನೂನು ಹಿಂದೆ ಬಿದ್ದಿತ್ತು. 1995ರ ಅಂಗವಿಕಲರ ಕಾಯಿದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. ಸವಲತ್ತು ಬೇಕಾದರೆ ಬುದ್ಧಿಮಾಂದ್ಯ ಎಂದು ಬರೆಸಿಕೊಳ್ಳಬೇಕು, ಬುದ್ಧಿಶಕ್ತಿ ಚೆನ್ನಾಗಿದ್ದರೆ ಏನೂ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಮೊದಲ ಸಲ ಆಟಿಸಂ ಎಂಬ ಹೆಸರನ್ನು ಬರೆಯಿತು. 18 ದಾಟಿದ ಮಕ್ಕಳಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಗಳು, ಮುಂದೆ 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆ ಬಂದದ್ದು ಇದರಡಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿ ಆಟಿಸಂ ಅನ್ನು ಒಳಗೆ ಸೇರಿಸಿತು. 2017ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಅಂದರೆ ಕ್ಯಾನರನ ಲೇಖನದಿಂದ ನಮ್ಮ ಈ ಪಟ್ಟಿಯವರೆಗೆ 73 ವರ್ಷ.

ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪನ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದದ್ದು. ಒಟ್ಟು 40 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಡನಾಟ, ಭಾವನೆ, ಮಾತು, ನಡವಳಿಕೆ, ಇಂದ್ರಿಯಾನುಭವ, ಗ್ರಹಿಕೆ ಎಂಬ ಆರು ವಿಭಾಗ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 153 ದಾಟಿದರೆ ತೀವ್ರ. ಮಗುವನ್ನು ನೋಡಿ, ಮನೆಯವರನ್ನು ಕೇಳಿ ಅಂಕ ಹಾಕುತ್ತಾರೆ. ಇದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಇಡೀ ತಪಾಸಣೆ ನಿಂತಿರುವುದು ಮಗುವನ್ನು ನೋಡುವುದರ ಮೇಲೆ ಮತ್ತು ಮನೆಯವರ ಮಾತಿನ ಮೇಲೆ.

ತಪಾಸಣೆಯ ಭಾಷೆ ಯಾವುದು?

ಇಲ್ಲಿಗೇ ಬರಬೇಕಿತ್ತು. ಮನೆಯವರು ಯಾವ ಭಾಷೆಯಲ್ಲಿ ಹೇಳಬೇಕು? ವಿಜಯಪುರದಿಂದಲೋ ಕಲಬುರಗಿಯಿಂದಲೋ ದುಡಿಯಲು ಬಂದು ಜೇಜುರಿಯ ಎಂಐಡಿಸಿ ಕಾರ್ಖಾನೆಯಲ್ಲಿರುವ ಕುಟುಂಬವನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಕನ್ನಡ, ಅಂಗನವಾಡಿಯಲ್ಲಿ ಮರಾಠಿ, ಡಾಕ್ಟರ ಮುಂದೆ ಹರಕುಮುರುಕು ಹಿಂದಿ. ಪುಣೆಯ ಹಿಂಜೆವಾಡಿಯ ಫ್ಲ್ಯಾಟಿನಲ್ಲಾದರೆ ಇವುಗಳ ಮೇಲೆ ಇಂಗ್ಲಿಷ್. ‘ಹೆಸರು ಕರೆದರೆ ತಿರುಗುತ್ತದೆಯೇ’ ಎಂದು ಕೇಳುತ್ತಾರೆ. ಮಗುವಿನ ದಾಖಲೆಯ ಹೆಸರು ಒಂದು, ಮನೆಯಲ್ಲಿ ಪುಟ್ಟ, ಚಿನ್ನು, ಬಂಗಾರಿ. ಯಾವ ಹೆಸರಿಗೆ ತಿರುಗಬೇಕು? ಜಗತ್ತಿನಾದ್ಯಂತ ಬಳಸುವ ಒಂದು ಪ್ರಸಿದ್ಧ ತಪಾಸಣೆಯಲ್ಲಿ ಗೊಂಬೆಗೆ ಹುಟ್ಟುಹಬ್ಬ ಮಾಡುವ ಆಟವಿದೆ. ಕೇಕು, ಮೇಣದಬತ್ತಿ ನೋಡದ ಮಗು ಸುಮ್ಮನಿದ್ದರೆ ಅದು ಲಕ್ಷಣವೋ, ಪರಿಚಯವಿಲ್ಲದ್ದೋ? ಒಳ್ಳೆಯ ತಜ್ಞರು ಇದನ್ನೆಲ್ಲ ಗಮನಿಸುತ್ತಾರೆ. ಅವಸರದ ತಪಾಸಣೆಯಲ್ಲಿ ಇದು ತಪ್ಪಿಹೋಗುತ್ತದೆ.

ಲಕ್ಷಣವೂ ಭಾಷೆಗೆ ತಕ್ಕಂತೆ ವೇಷ ಬದಲಿಸುತ್ತದೆ. ಆಟಿಸಂ ಇರುವ ಮಕ್ಕಳು ಕೇಳಿದ್ದನ್ನು ಹಾಗೆಯೇ ಮರಳಿ ಹೇಳುವುದನ್ನು, ‘ನಾನು’ ಎನ್ನುವಲ್ಲಿ ‘ನೀನು’ ಎನ್ನುವುದನ್ನು ಕ್ಯಾನರನೇ ಗುರುತಿಸಿದ್ದ. ಕನ್ನಡದಲ್ಲಿ ನಾವು ‘ನಾನು, ನೀನು’ಗಳನ್ನು ಬಿಟ್ಟೇ ಮಾತಾಡುತ್ತೇವೆ. ಹಾಗಾಗಿ ನಮ್ಮ ಮಗುವಿನಲ್ಲಿ ಅದು ಪ್ರಶ್ನೆಯ ರೂಪದಲ್ಲಿ ಬರುತ್ತದೆ. ಹಾಲು ಬೇಕಾದಾಗ ‘ಹಾಲು ಬೇಕು’ ಎನ್ನದೆ ‘ಹಾಲು ಕುಡೀತೀಯಾ?’ ಎನ್ನುತ್ತದೆ. ಮರಾಠಿ ಮನೆಯ ಮಗು ‘ದೂಧ್ ಪಾಹಿಜೆ ಕಾ?’ ಎನ್ನಬಹುದು. ಕೇಳಿದವರಿಗೆ ಮಗು ತಮ್ಮನ್ನು ವಿಚಾರಿಸಿಕೊಳ್ಳುತ್ತಿದೆ ಎನಿಸಿ ನಗು ಬರುತ್ತದೆ. ಮನೆಯವರಿಗೆ ಮಾತ್ರ ಗೊತ್ತು, ಅದಕ್ಕೆ ಹಸಿವಾಗಿದೆ.

ಇಂಥ ಮರುನುಡಿಯನ್ನು ಅರ್ಥವಿಲ್ಲದ ಗಿಳಿಪಾಠ ಎಂದು ಬಹಳ ಕಾಲ ನಿಲ್ಲಿಸಲು ನೋಡುತ್ತಿದ್ದರು. 1981ರಲ್ಲಿ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡುಷಾನ್ ನಾಲ್ಕು ಮಕ್ಕಳ ಮರುನುಡಿಗಳನ್ನು ಒಂದೊಂದಾಗಿ ಗಮನಿಸಿ, ಅವುಗಳಲ್ಲಿ ಬೇಡಿಕೆ, ಒಪ್ಪಿಗೆ, ಸರದಿ ಕಾಯುವುದು ಹೀಗೆ ಹಲವು ಉದ್ದೇಶಗಳಿವೆ ಎಂದು ತೋರಿಸಿದರು. ಜೇಜುರಿಯ ಮೆಟ್ಟಿಲಲ್ಲಿ ‘ಯೇಳ್ಕೋಟ್’ ಎನ್ನುವ ಮರಾಠಿ ಭಕ್ತನೂ ಕೇಳಿದ ಸದ್ದನ್ನೇ ಮರಳಿ ಹೇಳುತ್ತಾನೆ. ಅದು ಬರಿಯ ಸದ್ದು ಎಂದು ನಾವು ಅನ್ನುವುದಿಲ್ಲ. ಬಿಡಿಸಿ ನೋಡದೆ ಇಡಿಯಾಗಿ ಎತ್ತಿಕೊಂಡ ಮಾತೂ ಮಾತೇ.

ಈಗ ಆ ಸಲಹೆಗೆ ಬರೋಣ. ಎರಡು ಮೂರು ಭಾಷೆ ಕೇಳಿದರೆ ಮಗುವಿಗೆ ಗೊಂದಲ, ಮನೆಮಾತು ನಿಲ್ಲಿಸಿ ಎನ್ನುವುದು. ಕೇಳಲು ತರ್ಕಬದ್ಧ. ಪರೀಕ್ಷಿಸಿದಾಗ ಮಾತ್ರ ಅದಕ್ಕೆ ಬೆಂಬಲ ಸಿಕ್ಕಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫೊಂಬೋನ್ ಆಟಿಸಂ ಇರುವ 75 ಮಕ್ಕಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು: ಎರಡು ಭಾಷೆಯ ನಡುವೆ ಬೆಳೆದ ಮಕ್ಕಳಿಗೆ ಒಂದೇ ಭಾಷೆಯವರಿಗಿಂತ ಹೆಚ್ಚಿನ ವಿಳಂಬ ಕಾಣಲಿಲ್ಲ. ನಂತರ ಬಂದ ಅಧ್ಯಯನಗಳ ಒಟ್ಟು ನೋಟವೂ ಇದೇ ದಿಕ್ಕಿನದು. ನಷ್ಟ ಇನ್ನೊಂದು ಕಡೆ ಇದೆ. ಕನ್ನಡದಲ್ಲಿ ಜೋಗುಳ ಹಾಡುವ, ರೇಗುವ, ಮುದ್ದು ಮಾಡುವ ತಾಯಿ ಇಂಗ್ಲಿಷಿಗೆ ಬದಲಾದಾಗ ಅವಳ ಮಾತು ‘ಕಮ್, ಸಿಟ್, ಈಟ್’ಗೆ ಇಳಿಯುತ್ತದೆ. ಮೊದಲೇ ಮಾತಿನ ದಾರಿ ಕಷ್ಟವಾಗಿರುವ ಮಗುವಿಗೆ ಮನೆಯಲ್ಲಿ ಕೇಳುವ ಮಾತೇ ಬಡವಾಗುತ್ತದೆ. ಅಜ್ಜಿ ಅಜ್ಜ ಫೋನಿನಲ್ಲಿ ಮಾತಾಡುವುದು ಅದಕ್ಕೆ ಪರಕೀಯವಾಗುತ್ತದೆ. ಒಡನಾಟವೇ ತೊಡಕಾಗಿರುವ ಮಗುವಿನಿಂದ ಒಡನಾಡುವ ಜನರನ್ನೇ ಕಡಿಮೆ ಮಾಡಿದಂತಾಯಿತು.

ವಾರಕ್ಕೆ 40 ಗಂಟೆ ಯಾರ ಹತ್ತಿರ ಇದೆ?

ಚಿಕಿತ್ಸೆಯ ಚರಿತ್ರೆಯೂ ಇಲ್ಲಿಗೇ ಮುಟ್ಟಿಸುತ್ತದೆ. ಕ್ಯಾಲಿಫೋರ್ನಿಯಾದ ಓಲೆ ಇವಾರ್ ಲೋವಾಸ್ 1987ರಲ್ಲಿ, ವಾರಕ್ಕೆ 40 ಗಂಟೆ ನಡವಳಿಕೆಯ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಮೊದಲ ತರಗತಿ ಮುಗಿಸಿದರು ಎಂದು ವರದಿ ಮಾಡಿದ. ಇದು ದೊಡ್ಡ ಆಸೆ ಹುಟ್ಟಿಸಿತು. ಅವನ ವಿಧಾನದಲ್ಲಿ ಆಗ ಹೊಡೆತ, ಗದರಿಕೆಗಳೂ ಇದ್ದವು ಎಂಬುದನ್ನು ಜನ ಮರೆಯುತ್ತಾರೆ. ಆ ಭಾಗವನ್ನು ಆಮೇಲೆ ಕೈಬಿಡಲಾಯಿತು, ಆದರೂ ಆಟಿಸಂ ಇರುವ ದೊಡ್ಡವರ ಆಕ್ಷೇಪ ಇಂದಿಗೂ ಇದೆ. ಉತ್ತರ ಕೆರೊಲಿನಾದಲ್ಲಿ ಎರಿಕ್ ಶೋಪ್ಲರ್ 1972ರಿಂದ ನಡೆಸಿದ ಕಾರ್ಯಕ್ರಮ ಬೇರೆ ಹಾದಿ ಹಿಡಿಯಿತು: ತಂದೆತಾಯಿ ಜೊತೆಗಾರರು, ಮಗುವಿಗೆ ತಕ್ಕಂತೆ ಜಾಗವನ್ನೂ ದಿನಚರಿಯನ್ನೂ ಚಿತ್ರಗಳ ಮೂಲಕ ಹೊಂದಿಸುವುದು.

40 ಗಂಟೆಯ ಚಿಕಿತ್ಸೆ ಪುಣೆಯ ಸಂಬಳದಾರರಿಗೇ ಭಾರ, ಜೇಜುರಿಯವರಿಗೆ ಕನಸು. 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ ಒಂದು ಅಧ್ಯಯನ ಇದಕ್ಕೇ ಮುಖ್ಯ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದದ್ದು. ಪದವಿ ಪಡೆದ ತಜ್ಞರಲ್ಲ, ತರಬೇತಿ ಕೊಟ್ಟ ಸಾಮಾನ್ಯ ಕಾರ್ಯಕರ್ತರು ತಂದೆತಾಯಿಯ ಜೊತೆ ಕೂತು, ಅವರು ಮಗುವಿನ ಜೊತೆ ಆಡುವ ವಿಡಿಯೋ ತೋರಿಸಿ, ‘ನೋಡಿ, ಇಲ್ಲಿ ಮಗು ನಿಮ್ಮ ಕಡೆ ನೋಡಿತು, ಇಲ್ಲಿ ನೀವು ಕಾಯ್ದಿರಿ’ ಎಂದು ಗುರುತಿಸಿ ಹೇಳಿದರು. ತಂದೆತಾಯಿ ಮಗುವಿನ ಗಮನಕ್ಕೆ ಹೊಂದಿಕೊಳ್ಳುವುದು ಹೆಚ್ಚಿತು, ಮಗು ತಾನಾಗಿ ಸಂವಹನ ಶುರುಮಾಡುವುದೂ ಹೆಚ್ಚಿತು. ಇದು ನಡೆಯುವುದು ಮನೆಮಾತಿನಲ್ಲಿ. ಮನೆಮಾತನ್ನು ಕಿತ್ತುಹಾಕಿದರೆ ಈ ಚಿಕಿತ್ಸೆಯ ಉಪಕರಣವನ್ನೇ ಕಿತ್ತುಹಾಕಿದ ಹಾಗೆ.

ಗುಡ್ಡದಿಂದ ಆಸ್ಪತ್ರೆಗೆ

2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಉದ್ಘಾಟನೆಯಾಯಿತು. ಅಂಗನವಾಡಿ, ಶಾಲೆಗಳಿಗೆ ತಂಡಗಳು ಬಂದು 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ತೊಂದರೆಗಳನ್ನು ಹುಡುಕಿ, ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. ಆಟಿಸಂ ಆ ಪಟ್ಟಿಯಲ್ಲಿದೆ. ಜೇಜುರಿಯ ಅಂಗನವಾಡಿಯೂ ಇದರ ವ್ಯಾಪ್ತಿಗೆ ಬರುತ್ತದೆ. 2018ರಲ್ಲಿ ಪ್ರಕಟವಾದ, ದೇಶದ ಐದು ಜಾಗಗಳಲ್ಲಿ ನಡೆದ ಇನ್‌ಕ್ಲೆನ್ ಸಮೀಕ್ಷೆ 2ರಿಂದ 9 ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ 8ರಲ್ಲಿ ಒಬ್ಬರಿಗೆ ಬೆಳವಣಿಗೆಯ ಯಾವುದಾದರೊಂದು ತೊಡಕು ಕಂಡಿತ್ತು, ಆಟಿಸಂ 100ಕ್ಕೆ ಒಬ್ಬರ ಆಸುಪಾಸು. ಅಂದರೆ ಇದು ದೊಡ್ಡ ಊರಿನವರ, ಇಂಗ್ಲಿಷ್ ಬಲ್ಲವರ ಮಕ್ಕಳಿಗೆ ಮಾತ್ರ ಬರುವಂಥದ್ದಲ್ಲ. ದೊಡ್ಡ ಊರಿನಲ್ಲಿ ಹೆಸರು ಬೇಗ ಸಿಗುತ್ತದೆ, ಅಷ್ಟೇ.

ಹೆಸರು ಸಿಕ್ಕ ಮೇಲೆ ವ್ಯಾಪಾರಿಗಳೂ ಸಿಗುತ್ತಾರೆ. ‘ಆರು ತಿಂಗಳಲ್ಲಿ ಗುಣ’ ಎನ್ನುವವರು, ಲಕ್ಷಾಂತರ ರೂಪಾಯಿಗೆ ಸ್ಟೆಮ್ ಸೆಲ್ ಚುಚ್ಚುವವರು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡತಕ್ಕದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿದ್ದಾರೆಯೇ ಎಂದು ಕೇಳುವುದು ಅಗೌರವವಲ್ಲ. ಹರಕೆ ಹೊತ್ತವರನ್ನು ಮೂಢರೆಂದು ನಗುವ ನಾವು ಇಂಥ ಕಡೆ ಹೊತ್ತ ಹರಕೆಗಳ ಲೆಕ್ಕ ಹಾಕಿದರೆ ನಗು ನಿಲ್ಲುತ್ತದೆ. ಜೇಜುರಿಗೆ ಹೋಗಿ ಬರಲಿ, ಮನಸ್ಸಿಗೆ ಒಳ್ಳೆಯದು. ಹರಕೆ ತೀರಲಿ ಎಂದು ತಪಾಸಣೆ ಮುಂದೂಡಬಾರದು, ಅಷ್ಟೇ. ಮೊದಲ ಐದು ವರ್ಷದ ತಿಂಗಳುಗಳು ಬೆಲೆಬಾಳುವಂಥವು.

ತಂದೆತಾಯಂದಿರಿಗೆ ಈ ಚರಿತ್ರೆಯಿಂದ ಎರಡು ಕೆಲಸ ಸಿಗುತ್ತವೆ. ಒಂದು, ಮಗುವಿನ ಜೊತೆ ನಿಮಗೆ ಸಲೀಸಾದ ಮಾತಿನಲ್ಲೇ ಮಾತಾಡಿ, ಅದು ಕನ್ನಡವಾಗಿದ್ದರೆ ಕನ್ನಡದಲ್ಲೇ. ತಪಾಸಣೆ ಮಾಡುವವರಿಗೂ ಮೊದಲೇ ಹೇಳಿ: ನಮ್ಮದು ಕನ್ನಡ ಮನೆ, ಮಗುವನ್ನು ಹೀಗೆ ಕರೆಯುತ್ತೇವೆ, ನೀರಿಗೆ ಅದು ಈ ಸದ್ದು ಮಾಡುತ್ತದೆ. ಬೇಕಾದರೆ ನಮ್ಮ ಬಳಗದಲ್ಲಿ ಮರಾಠಿ ಚೆನ್ನಾಗಿ ಬಲ್ಲವರು ಜೊತೆಗೆ ಹೋಗಿ ಕೂರಬಹುದು, ಕನ್ನಡ ಸಂಘಗಳು ಹಬ್ಬದ ಊಟದ ಜೊತೆ ಈ ಕೆಲಸವನ್ನೂ ಮಾಡಬಹುದು. ಎರಡು, ಬರೆದಿಡಿ. ಒಂದು ನೋಟ್‌ಬುಕ್ಕು, ತಾರೀಖು, ಮಗು ಇಂದು ಏನು ಹೇಳಿತು, ಯಾವುದಕ್ಕೆ ನಕ್ಕಿತು, ಯಾವ ಸದ್ದಿಗೆ ಕಿವಿ ಮುಚ್ಚಿತು. ಮಿಸಿಸಿಪಿಯ ಆ ವಕೀಲನ 33 ಪುಟಗಳಿಂದ ವೈದ್ಯಶಾಸ್ತ್ರ ಒಂದು ಹೆಸರು ಕಲಿತುಕೊಂಡಿತು. ನಿಮ್ಮ ಕನ್ನಡದ ನೋಟ್‌ಬುಕ್ಕಿನಿಂದ ನಿಮ್ಮ ಮಗುವಿನ ತಜ್ಞರು ಆ ಮಗುವನ್ನು ಕಲಿತುಕೊಳ್ಳಲಿ.